ಮೆಣಸಿನ ಗಿಡಕ್ಕೆ ನೀರು ಹಾಕುವವನು

ಫಿನ್ಲೆಂಡಿನ ನಮ್ಮ ಈ ಬಡಗಣ ಮೂಲೆಯಲ್ಲಿ ಮೆಣಸಿನ ಗಿಡ ಹೊರಗೆ ಬದುಕುವುದಿಲ್ಲ. ಹಿಮ ಬೀಳುವ ಮೊದಲೇ ನನ್ನ ಗಂಡ ತೌನೊನ ಗಿಡವನ್ನು ಮೋಟು ಕತ್ತರಿಸಿ, ಬೇರಿನ ಮಣ್ಣು ಕೊಡವಿ, ಸಣ್ಣ ಕುಂಡಕ್ಕೆ ಹಾಕಿ, ಸೌನಾದ, ಅಂದರೆ ಅಂಗಳದಾಚೆಯ ಉಗಿಸ್ನಾನದ ಮನೆಯ, ಬಟ್ಟೆ ಬದಲಿಸುವ ಕೋಣೆಯ ಕಿಟಕಿಯಲ್ಲಿಟ್ಟೆ. ಗಿಡ ಸಾಯದಷ್ಟು ಬೆಚ್ಚಗೆ, ಚಿಗುರದಷ್ಟು ತಣ್ಣಗೆ ಇರುವ ಜಾಗ ಅದೊಂದೇ. ಇಷ್ಟು ಚಳಿಗಾಲ ನಾವು ಗಂಡಹೆಂಡಿರು ಜಗಳವಾಡುತ್ತಲೇ ಅದನ್ನು ದಾಟಿಸಿದ್ದೆವು. ಈ ಬೇಸಿಗೆಯಲ್ಲಿ ಅವನು ತೀರಿಹೋದ. ಅವನ ಗಿಡವನ್ನಾದರೂ ಉಳಿಸಿಕೊಳ್ಳಬೇಕೆಂಬ ಹಟ ನನಗೆ. ಎಲೆಯಿಲ್ಲದ ಗಿಡಕ್ಕೆ ಒಂದೆರಡು ಗುಟುಕು ನೀರು ಸಾಕು, ಹೆಚ್ಚಾದರೆ ಬೇರು ಕೊಳೆಯುತ್ತದೆ.

ಶನಿವಾರ ಸೌನಾ ಕಾಯಿಸಿ, ನಾನು ಮಿಂದಾದ ಮೇಲೆ, ಬಿಸಿ ಕಲ್ಲಿನ ಮೇಲೆ ಕೊನೆಯ ಚೊಂಬು ನೀರು ಸುರಿದು ಬಾಗಿಲು ಮುಂದೆ ಮಾಡಿ ಬರುತ್ತೇನೆ. ಆ ಉಗಿ ಹೋದವರ ಪಾಲು. ನಮ್ಮಮ್ಮನೂ ಹಾಗೇ ಮಾಡುತ್ತಿದ್ದಳು. ಒಂದು ಭಾನುವಾರ ಬೆಳಿಗ್ಗೆ ನೋಡಿದರೆ, ನಾನು ನೀರು ಹಾಕಿರದಿದ್ದರೂ ಕುಂಡದ ಮಣ್ಣು ಒದ್ದೆ. ಮುಂದಿನ ಭಾನುವಾರ ಕುಂಡದಡಿಯ ತಟ್ಟೆಯಲ್ಲೂ ನೀರು ನಿಂತಿತ್ತು. ಹೊರಗೆ ಹಿಮದಲ್ಲಿ ನನ್ನ ಹೆಜ್ಜೆ ಬಿಟ್ಟರೆ ಬೇರೆ ಹೆಜ್ಜೆಯಿಲ್ಲ.

ನಾದಿನಿ ಹೆಲ್ವಿಯನ್ನು ಕರೆಸಿದೆ. ಅವಳು ಕುಂಡ ಎತ್ತಿ ಮೂಸಿದಳು.

“ಅತ್ತಿಗೆ, ನಮ್ಮಣ್ಣಂದೇ ಕೆಲಸ ಇದು. ಬದುಕಿದ್ದಾಗ್ಲೂ ಅಷ್ಟೇ, ಗಿಡ ಕಂಡ್ರೆ ಸಾಕು, ನೀರು ಹೊಯ್ಯೋನು.”

“ಬೈದೂ ಬೈದೂ ನನ್ನ ಬಾಯಿ ಒಣಗಿತ್ತು ಕಣೇ.”

“ಈಗ್ಲೂ ಬೈದು ನೋಡು. ಹೀಗೇ ಬಿಟ್ರೆ ಗಿಡ ಉಳಿಯಲ್ಲ.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಶನಿವಾರ ಕೊನೆಯ ನೀರು ಸುರಿದು, ಬಾಗಿಲಲ್ಲಿ ನಿಂತು ಗಟ್ಟಿಯಾಗಿಯೇ ಅಂದೆ. “ನೋಡು, ಮೈ ಕಾಯಿಸ್ಕೊಂಡು ಹೋಗೋದಾದ್ರೆ ಬಾ. ಗಿಡ ಮುಟ್ಟಿದ್ಯೋ, ಇನ್ಮೇಲೆ ಈ ಕಡೆ ತಲೆ ಹಾಕ್ಬೇಡ.”

ಮರುದಿನ ತಟ್ಟೆ ಒಣಗಿತ್ತು. ಆಮೇಲಿನ ವಾರಗಳಲ್ಲೂ ಅಷ್ಟೇ. ಬಿಸಿಲು ಮತ್ತೆ ಕಿಟಕಿಗೆ ಬರುವ ಹೊತ್ತಿಗೆ ಮೋಟಿನ ಗಂಟಿನಲ್ಲಿ ಹಸಿರು ಚಿಗುರು ಕಂಡಿತು. ಹೆಲ್ವಿ ಕುಣಿದಾಡಿದಳು. ನನಗೆ ಮಾತ್ರ ಸೌನಾ ಬಿಕೋ ಅನ್ನುತ್ತಿತ್ತು. ಒಂದು ಮಾತಂದರೆ ಮುಖ ಊದಿಸಿಕೊಂಡು ಹೋಗುವ ಆಸಾಮಿ ಅವನು, ಗೊತ್ತಿದ್ದೂ ಅಂದೆನಲ್ಲ.

ನಿನ್ನೆ ಶನಿವಾರ ಸೌನಾದಿಂದ ಬರುವಾಗ ಚೊಂಬಿನ ತುಂಬ ನೀರು ತುಂಬಿ ಕುಂಡದ ಪಕ್ಕ ಇಟ್ಟೆ. “ಎಷ್ಟು ಬೇಕಾದ್ರೂ ಹಾಕು ಮಾರಾಯ,” ಅಂದೆ. “ಗಿಡ ಹೋದ್ರೆ ಹೋಗ್ಲಿ, ನೀನು ಬಾ.”

ಬೆಳಿಗ್ಗೆ ಎದ್ದವಳೇ ಹೋಗಿ ನೋಡಿದೆ. ಚಿಗುರು ಇನ್ನಷ್ಟು ಬೆಳೆದಿತ್ತು. ಚೊಂಬಿನ ನೀರು ತುಂಬಿಟ್ಟ ಹಾಗೇ ಇತ್ತು.