ನಮ್ಮವರ ಫೇಲ್ಯೂರ್ ಪುಸ್ತಕ

ನಮ್ಮ ಮನೆಯಲ್ಲಿ ಮಿಕ್ಸಿ ಕೆಟ್ಟರೂ ಅದಕ್ಕೊಂದು ದಾಖಲೆ ಇರುತ್ತದೆ. ನಮ್ಮವರು, ಅಂದರೆ ಪದ್ಮನಾಭ, ಮದ್ರಾಸಿನ ಎಗ್ಮೋರಿನಲ್ಲಿ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತರಾದವರು. ಅಲ್ಲಿ ಯಾವ ಸಿಗ್ನಲ್ ಕೈಕೊಟ್ಟರೂ ರಿಜಿಸ್ಟರಿನಲ್ಲಿ ಬರೆಯಬೇಕಿತ್ತಂತೆ: ಏನು ಕೆಟ್ಟಿತು, ಕಾರಣವೇನು, ಹೊಣೆ ಯಾರು. ನಿವೃತ್ತರಾದ ಮರುವಾರವೇ ಮನೆಗೂ ಅಂಥದೊಂದು ಉದ್ದನೆಯ ಪುಸ್ತಕ ತಂದರು. 'ಗೀಸರ್. ಕಾರಣ: ಉಪ್ಪುನೀರು. ಹೊಣೆ: ಯಾರೂ ಇಲ್ಲ.' 'ಮಿಕ್ಸಿ. ಕಾರಣ: ಒಣಕೊಬ್ಬರಿ ಒಂದೇ ಸಲ ತುಂಬಿದ್ದು. ಹೊಣೆ: ಪ್ರೇಮಮ್ಮ.' ಪ್ರೇಮಮ್ಮ ಎಂದರೆ ನಾನೇ. ಆ ದಿನ ಅವರಿಗೆ ಚಟ್ನಿ ಇಲ್ಲದೆ ದೋಸೆ ಹಾಕಿದೆ.

"ಕಾರಣದಲ್ಲಿ ಸುಳ್ಳು ಬರೆದ್ರೆ ಮುಂದಿನ ಗಾಡಿ ಬೀಳತ್ತೆ ಕಣೇ" ಎನ್ನುವುದು ಅವರ ಮಾತು.

"ನಮ್ಮನೇಲಿ ಯಾವ ಗಾಡಿ ಓಡ್ತಿದೆ?" ಎನ್ನುವುದು ನನ್ನದು.

ಈ ಸಲ ನಿಜಕ್ಕೂ ಒಂದು ಗಾಡಿ ಓಡಬೇಕಿತ್ತು. ಮಗಳು ಮಾನಸ ವಿಡಿಯೊ ಎಡಿಟರ್. ಅಳಿಯನದು ಹಡಗಿನ ಕೆಲಸ, ಅವನು ದಡ ಕಾಣುವುದೇ ಆರು ತಿಂಗಳಿಗೊಮ್ಮೆ. ಹಾಗಾಗಿ ಹೆರಿಗೆಯಾದ ಮೇಲೆ ಮಗಳು, ಮೊಮ್ಮಗಳು ಕೃತಿ ಇಬ್ಬರೂ ವೇಲಚೇರಿಯ ನಮ್ಮ ಫ್ಲ್ಯಾಟಿನಲ್ಲೇ ಇದ್ದಾರೆ. ಏಳು ತಿಂಗಳ ರಜೆ ಮುಗಿದಿತ್ತು. ಶುಕ್ರವಾರ ಮನೆಯಿಂದಲೇ ಒಂದು ಕಂತು ಎಡಿಟ್ ಮಾಡಿ ತೋರಿಸು, ಎಲ್ಲೂ ತಡವರಿಸದಿದ್ದರೆ ಮುಂದೆಯೂ ಮನೆಯಿಂದಲೇ ಮಾಡು, ಇಲ್ಲದಿದ್ದರೆ ಸೋಮವಾರದಿಂದ ವಡಪಳನಿಗೆ ಬಾ ಎಂದು ಸ್ಟುಡಿಯೊದವರು ಹೇಳಿಬಿಟ್ಟಿದ್ದರು. ವಡಪಳನಿ ಎಂದರೆ ಬೆಳಗ್ಗೆ ಎಂಟಕ್ಕೆ ಹೊರಟರೆ ಮಗು ಮಲಗಿದ ಮೇಲೇ ಮನೆ. ಕೃತಿಯೋ ಬಾಟಲಿ ಕಂಡರೆ ಬಾಯಿ ಬಿಗಿಯುವ ಹಟಮಾರಿ. ಮಾನಸ ಮಗುವಿನ ನೆತ್ತಿ ಮೂಸುತ್ತಾ ಕೂತಿರುತ್ತಿದ್ದಳು.

ತೊಡಕು ಇದ್ದದ್ದು ಇಲ್ಲಿ. ಶೂಟಿಂಗ್ ಮಾಡಿದ್ದೆಲ್ಲ ತುಂಬಿದ ಸ್ಟೋರೇಜ್ ಡಬ್ಬ ಸದಾ ಗುರ್ ಎನ್ನುತ್ತದೆ, ಮಗು ಮಲಗುವುದಿಲ್ಲವೆಂದು ಅದನ್ನು ಮುಂದಿನ ಹಾಲ್‌ನಲ್ಲಿ ಇಟ್ಟಿದ್ದೆವು. ಮಾನಸ ಕೆಲಸ ಮಾಡುವುದು ಹಿಂದಿನ ಕೋಣೆಯಲ್ಲಿ, ತೊಟ್ಟಿಲ ಪಕ್ಕ. ನಡುವೆ ಮೂರು ಗೋಡೆ. ವೈಫೈಯಲ್ಲಿ ಚಿತ್ರ ಮುಗ್ಗರಿಸಿ ಮುಗ್ಗರಿಸಿ ನಿಲ್ಲುತ್ತಿತ್ತು. ತಂತಿ ಎಳೆಯೋಣವೆಂದರೆ ಅವಳ ಲ್ಯಾಪ್‌ಟಾಪಿಗೆ ನೆಟ್‌ವರ್ಕ್ ತಂತಿ ಸಿಗಿಸುವ ತೂತೇ ಇಲ್ಲ.

"ಅದಕ್ಕೇನಂತೆ? ಯುಎಸ್‌ಬಿ ಅಡಾಪ್ಟರ್ ತರಿಸೋಣ" ಎಂದರು ಇವರು, ಹತ್ತು ವರ್ಷ ಚಿಕ್ಕವರಾಗಿ. "ಒಂದು ತುದಿ ಲ್ಯಾಪ್‌ಟಾಪ್‌ಗೆ, ಇನ್ನೊಂದು ತುದೀಗೆ ಕೇಬಲ್. ಎರಡೂವರೆ ಗಿಗಾಬಿಟ್ ಮಾನಸ, ವೈಫೈ ಎಲ್ಲ ಏನು ಬಂತು ಅದರ ಮುಂದೆ!"

"ಸೂಪರ್ ಪಾ" ಎಂದಳು ಮಗಳು. ಮದ್ರಾಸಿನಲ್ಲಿ ಹುಟ್ಟಿದವಳು, ಅಪ್ಪನಿಗೆ 'ಪಾ' ಅನ್ನದೆ ಅವಳ ಮಾತು ಮುಗಿಯುವುದಿಲ್ಲ.

ಕೇಬಲ್ ಎಳೆದದ್ದನ್ನು ನೀವು ನೋಡಬೇಕಿತ್ತು. ನಾಲ್ಕು ಬೆರಳಿಗೊಂದು ಕಡೆ ಮೇಣದ ದಾರದಲ್ಲಿ ಗಂಟು, ಪ್ರತಿ ತುದಿಗೂ ತಾರೀಕು ಬರೆದ ಚೀಟಿ. ನೀರು ನುಗ್ಗಿದರೆ ಎಂದು ನೆಲದಿಂದ ಎರಡಡಿ ಮೇಲೆ ಗೋಡೆಗೆ ಹೊಡೆದಿದ್ದರು. ವೇಲಚೇರಿಯಲ್ಲಿ ನೀರು ನುಗ್ಗುವುದು ನಿಜವೇ, ಆದರೆ ನಾವಿರುವುದು ಮೂರನೇ ಮಹಡಿ. ನಾನು ನಕ್ಕಿದ್ದಕ್ಕೆ ಅವರು ತಿರುಗಿಯೂ ನೋಡಲಿಲ್ಲ.

ಮಂಗಳವಾರ ಅಡಾಪ್ಟರ್ ಬಂತು. ಹೆಬ್ಬೆರಳಿನಷ್ಟು ಡಬ್ಬಿ, ಅದಕ್ಕೊಂದು ಗಿಡ್ಡ ಬಾಲ. ಹೊಸ ವಸ್ತುವನ್ನು ದೇವರ ಮುಂದಿಟ್ಟು ಅರಿಶಿನ ಕುಂಕುಮ ಹಚ್ಚದೆ ನಾನು ಯಾರಿಗೂ ಮುಟ್ಟಲು ಬಿಡುವುದಿಲ್ಲ. ಗ್ರೈಂಡರಿಗೂ ಹಚ್ಚಿದ್ದೇನೆ, ಇವರು ಡ್ಯೂಟಿಗೆ ಒಯ್ಯುತ್ತಿದ್ದ ಟೂಲ್ ಬ್ಯಾಗಿಗೂ ಹಚ್ಚಿದ್ದೇನೆ. ಮಗಳ ಅನ್ನದ ಪ್ರಶ್ನೆಯೆಂದು ಇದಕ್ಕೆ ಒಂದು ಬೊಟ್ಟು ಹೆಚ್ಚಾಗಿಯೇ ಇಟ್ಟೆ.

ಸಂಜೆ ಜೋಡಿಸಿ ನೋಡಿದರು. ಪರದೆಯಲ್ಲಿ ವೇಗ ಎರಡು ಸಾವಿರದ ಮುನ್ನೂರು ಮೆಗಾಬಿಟ್ ಬರಬೇಕಿತ್ತಂತೆ, ಬಂದದ್ದು ಬರೀ ಮುನ್ನೂರು. ಚಿತ್ರ ಮತ್ತೆ ಮುಗ್ಗರಿಸಿತು. ಬುಧವಾರ ಎರಡೂ ತುದಿ ಕತ್ತರಿಸಿ ಹೊಸದಾಗಿ ಕೂರಿಸಿದರು. ಮುನ್ನೂರು. ಗುರುವಾರ ಇಡೀ ಕೇಬಲ್ ಬಿಚ್ಚಿ ಬೇರೆಯದು ಎಳೆದರು, ಅಷ್ಟೂ ಗಂಟು ಮತ್ತೆ ಕಟ್ಟಿದರು. ಮುನ್ನೂರು. ಸ್ಟೂಲಿನಿಂದ ಇಳಿಯುವಾಗ ಗೋಡೆ ಹಿಡಿದುಕೊಂಡರು.

"ವಿಡು ಪಾ, ಪರವಾಗಿಲ್ಲ. ನಾನು ಹೋಗ್ತೀನಿ ವಡಪಳನಿಗೆ" ಎಂದಳು ಮಾನಸ. ಹೇಳುವಾಗ ಅವಳು ಮಗುವಿನ ಕಡೆ ನೋಡಲಿಲ್ಲ.

ನನಗೆ ಕರುಳು ಚುರುಕ್ಕೆಂದಿತು. ಕರುಳು ಚುರುಕ್ಕೆಂದಾಗಲೆಲ್ಲ ನನ್ನ ನಾಲಿಗೆ ಹತೋಟಿ ತಪ್ಪುತ್ತದೆ. "ಒಂದು ವೈರ್ ಎಳೆಯೋಕೆ ಮೂರು ದಿನ! ನಿಮ್ಮನ್ನ ನಂಬ್ಕೊಂಡು ಗಾಡಿಗಳು ಎಗ್ಮೋರ್ ತಲುಪಿದ್ದೇ ಹೆಚ್ಚು" ಎಂದುಬಿಟ್ಟೆ.

ಅವರು ಇಕ್ಕಳವನ್ನು ಒರೆಸಿ ಚೀಲದೊಳಗಿಟ್ಟು, ಕೈ ತೊಳೆದುಕೊಳ್ಳಲು ಹೋದರು.

ಶುಕ್ರವಾರ ಬೆಳಗ್ಗೆ ಏಳಕ್ಕೆ ಅಡಾಪ್ಟರ್ ಹಿಡಿದು ಬಾಲ್ಕನಿಯ ಬೆಳಕಿನಲ್ಲಿ ಕೂತಿದ್ದರು. ನನ್ನನ್ನು ಕಂಡು, "ಪ್ರೇಮಾ, ಮೂಲೆ ಅಂಗಡೀಲಿ ಒಳ್ಳೆ ಕೀರೆ ಬಂದಿರತ್ತೆ, ತಗೊಂಬಾ" ಎಂದರು. ಕೀರೆ ಎಂದರೆ ಸೊಪ್ಪು. ಸೊಪ್ಪು ಕಂಡರೆ ಮುಖ ತಿರುಗಿಸುವ ಮನುಷ್ಯ. ಬೈಸಿಕೊಂಡ ಮೇಲೆ ಬುದ್ಧಿ ಬಂದಿದೆ ಎಂದುಕೊಂಡು ಹೋದೆ.

ವಾಪಸು ಬಂದಾಗ ಹಿಂದಿನ ಕೋಣೆಯಲ್ಲಿ ಮಾನಸ ಅಪ್ಪನ ಕುತ್ತಿಗೆಗೆ ಜೋತುಬಿದ್ದಿದ್ದಳು. ಪರದೆಯಲ್ಲಿ ಎರಡು ಸಾವಿರದ ಮುನ್ನೂರ ನಲವತ್ತು. ಹತ್ತು ಗಂಟೆಗೆ ಸ್ಟುಡಿಯೊದವರು ಪರೀಕ್ಷೆ ಮಾಡಿದರು, ಹನ್ನೆರಡಕ್ಕೆ ಒಪ್ಪಿಗೆ ಬಂತು. ಕೃತಿಗೆ ಅದೇನು ಅರ್ಥವಾಯಿತೋ, ತೊಟ್ಟಿಲಲ್ಲಿ ಕಾಲು ಬಡಿಯುತ್ತಾ ಕೇಕೆ ಹಾಕಿತು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ.

"ಕೊನೆಗೂ ಏನಾಗಿತ್ರೀ?" ಎಂದು ಊಟಕ್ಕೆ ಕೂತಾಗ ಕೇಳಿದೆ.

"ನಂದೇ ತಪ್ಪು. ಕೇಬಲ್ ತುದಿ ಸರಿಯಾಗಿ ಕೂತಿರಲಿಲ್ಲ."

"ನಾನು ಹೇಳಲಿಲ್ವಾ?" ಎಂದು ಗೆದ್ದವಳ ಹಾಗೆ ಅವರ ತಟ್ಟೆಗೆ ಎರಡು ಸಲ ಸೊಪ್ಪಿನ ಸಾರು ಬಡಿಸಿದೆ. ಅವರು ಅಷ್ಟನ್ನೂ ಉಂಡು, ಸ್ವಲ್ಪ ಅಡ್ಡಾಗುತ್ತೇನೆಂದು ಎದ್ದರು.

ಬಾಲ್ಕನಿ ಗುಡಿಸಲು ಹೋದೆ. ಕುರ್ಚಿಯ ಕೆಳಗೆ ಮಡಿಸಿದ ಪೇಪರು, ಅದರೊಳಗೆ ಕಿವಿ ಸ್ವಚ್ಛ ಮಾಡುವ ಹತ್ತಿಕಡ್ಡಿಗಳು, ಆರೋ ಏಳೋ. ಎಲ್ಲದರ ತುದಿಯೂ ಕೆಂಪು, ಹಳದಿ.

ನಾನು ಅಲ್ಲೇ ಕುಳಿತುಬಿಟ್ಟೆ. ಅರಿಶಿನವನ್ನು ನೀರಲ್ಲಿ ಕಲಸಿ ಹಚ್ಚಿದ್ದೆ. ಹೆಚ್ಚಿನ ಆ ಒಂದು ಬೊಟ್ಟನ್ನು ಇಟ್ಟದ್ದು ಲ್ಯಾಪ್‌ಟಾಪಿಗೆ ಸಿಗಿಸುವ ಬಾಯಿಗೇ, ಒಳಗೆ ಇಳಿಯುವಂತೆ ಬೆರಳೊತ್ತಿ. ಒಳಗಿನ ಸಣ್ಣ ತಗಡುಗಳಲ್ಲಿ ಕೆಲವದರ ಮೇಲೆ ಅದು ಒಣಗಿ ಕೂತು ವೇಗವನ್ನು ತಡೆದಿತ್ತು. ಮೂರು ದಿನ ಆ ಮನುಷ್ಯ ಗೋಡೆ ಹಿಡಿದು ಸ್ಟೂಲು ಹತ್ತಿ ಇಳಿದದ್ದು ನನ್ನಿಂದ.

ಒಳಗೆ ಬಂದು ಪುಸ್ತಕ ತೆಗೆದೆ. ಕೊನೆಯ ಸಾಲು ಅಂದಿನದೇ: 'ನೆಟ್‌ವರ್ಕ್ ನಿಧಾನ. ಕಾರಣ: ಕೇಬಲ್ ತುದಿ ಸರಿಯಾಗಿ ಕೂರಿಸದೆ ಇದ್ದದ್ದು. ಹೊಣೆ: ಪದ್ಮನಾಭ.' ಒಂಬತ್ತು ವರ್ಷದ ಪುಸ್ತಕದಲ್ಲಿ ಹೊಣೆಯ ಜಾಗದಲ್ಲಿ ಅವರ ಹೆಸರು ಅದೇ ಮೊದಲು. ಸುಳ್ಳು ಬರೆದದ್ದೂ ಅದೇ ಮೊದಲು. ನಾನು ಪೆನ್ನು ತೆಗೆದು ಕೆಳಗೆ ಬರೆದೆ: 'ಮೇಲಿನದು ಸುಳ್ಳು. ಕಾರಣ: ಕುಂಕುಮ. ಹೊಣೆ: ಪ್ರೇಮಮ್ಮ.'

ಎದ್ದು ಬಂದವರು ಕನ್ನಡಕ ಹಾಕಿ ಓದಿದರು. ಸಿಕ್ಕಿಬಿದ್ದ ಕಳ್ಳನ ಮುಖ ಅವರದೇ ಆಗಿತ್ತು.

"ಮಿಕ್ಸಿಗೆ ನನ್ನ ಹೆಸರು ಬರೆದೋರು ಇದಕ್ಕೆ ಯಾಕೆ ಬರೀಲಿಲ್ಲ?" ಎಂದೆ. "ಮುಂದಿನ ಗಾಡಿ ಬೀಳಲ್ವಾ ಈಗ?"

"ನಿಜ ಬರೆದ್ರೆ ನೀನು ಕುಂಕುಮ ಹಚ್ಚೋದನ್ನೇ ನಿಲ್ಲಿಸ್ತಿದ್ದೆ ಕಣೇ. ನಿನ್ನ ಹಟ ನಂಗೊತ್ತಿಲ್ವಾ?" ಎಂದರು. ಆಮೇಲೆ ಪುಸ್ತಕದ ಕಡೆ ನೋಡುತ್ತಾ ಹೇಳಿದರು: "ಮೂವತ್ತಾರು ವರ್ಷ ಮಳೇಲಿ, ಕತ್ತಲಲ್ಲಿ ಹಳಿ ಮೇಲೆ ನಡೆದಿದೀನಿ. ಚೀಲದ ಮೇಲೆ ನಿನ್ನ ಕುಂಕುಮ ಇದೆಯಾ ಅಂತ ಒಂದ್ಸಲ ಮುಟ್ಟಿ ನೋಡ್ಕೊಂಡೇ ಇಳೀತಿದ್ದೆ."

ನನಗೆ ಇದು ಗೊತ್ತಿರಲಿಲ್ಲ. ಯಾವತ್ತೂ ಹೇಳಿರಲಿಲ್ಲ ಈ ಮನುಷ್ಯ. ಒಳಗಿನ ಕೋಣೆಯಲ್ಲಿ ಮಾನಸ ಕೆಲಸ ಮಾಡುತ್ತಲೇ ಒಂದು ಕಾಲಲ್ಲಿ ತೊಟ್ಟಿಲು ತೂಗುತ್ತಿದ್ದಳು, ಅದರ ಕಿರುಗುಟ್ಟುವ ಸದ್ದು ಕೇಳುತ್ತಿತ್ತು.

"ಇನ್ಮೇಲೆ ಹೊರಗಡೆ ಮಾತ್ರ ಹಚ್ಚು, ಬಾಯಿಗೆ ಬೇಡ" ಎಂದರು.

ನಾನು ಎದ್ದು ಹೋಗಿ ಕುಂಕುಮದ ಭರಣಿ ತಂದೆ. ಪುಸ್ತಕ ಮುಚ್ಚಿ ಅದರ ರಟ್ಟಿಗೊಂದು ಬೊಟ್ಟಿಟ್ಟೆ, ಉಳಿದದ್ದನ್ನು ಅವರ ಹಣೆಗೆ ಹಚ್ಚಿದೆ.