ಎಂಬತ್ತು ದಾಟಿದರೆ ಸಿಳ್ಳೆ

ಡಾಕ್ಟರ್ ಶಶಿರೇಖ ಅವರ ಕಾರಿನ ಟಾಪನ್ನು ಹರಿದು ಹಾಕಿದ್ದು ಕೋತಿಗಳು. ಬಂಗಾರಪೇಟೆಯಲ್ಲಿ ತಂಗಿಯ ಮನೆಯ ಗೃಹಪ್ರವೇಶಕ್ಕೆ ಬಂದವರು, ನೆರಳಿದೆಯಲ್ಲ ಎಂದು ಹುಣಸೆಮರದ ಕೆಳಗೆ ಕಾರು ನಿಲ್ಲಿಸಿದ್ದರು. ಊಟ ಮುಗಿಸಿ ಬರುವಷ್ಟರಲ್ಲಿ ಮೂರು ಕೋತಿಗಳು ಬಟ್ಟೆಯ ಟಾಪಿನ ಮೇಲೆ ಕುಣಿದು, ಕೆರೆದು, ಹಿಂದಿನ ಗಾಜಿನಿಂದ ನಡುವಿನವರೆಗೆ ಒಂದು ಮೊಳ ಸೀಳಿದ್ದವು. ಸೀಟಿನ ಮೇಲಿಟ್ಟಿದ್ದ ಬಾಳೆಹಣ್ಣಿನ ಚಿಪ್ಪು ಮಾಯವಾಗಿತ್ತು.

ಕಾರು ಮಾರಿದ ಕಂಪನಿಯವರನ್ನು ಕೇಳಿದರೆ, ಇಡೀ ಟಾಪು ಹೊರದೇಶದಿಂದಲೇ ಬರಬೇಕು, ನಾಲ್ಕು ತಿಂಗಳಾಗುತ್ತದೆ ಎಂದರು. ಡಾಕ್ಟರಿಗೆ ನಾಲ್ಕು ತಿಂಗಳು ಕಾಯುವ ಮನಸ್ಸಿರಲಿಲ್ಲ. ಮೂವತ್ತನಾಲ್ಕು ವರ್ಷ ಹೆರಿಗೆ ಮಾಡಿಸಿ ಹಿಂದಿನ ತಿಂಗಳಷ್ಟೇ ನಿವೃತ್ತರಾದವರು. ಇಪ್ಪತ್ತನೇ ತಾರೀಖು ಒಬ್ಬರೇ ಈ ಕಾರಿನಲ್ಲಿ ಕನ್ಯಾಕುಮಾರಿಗೆ ಹೊರಡುವುದು ಎಂದು ನಿಶ್ಚಯಿಸಿದ್ದರು. ಅಂದು ಎಂಟನೇ ತಾರೀಖು. ದಕ್ಷಿಣದಲ್ಲಿ ಆಗಲೇ ಮಳೆ ಹಿಡಿದಿತ್ತು.

ಬಂಗಾರಪೇಟೆಯಲ್ಲಿ ಗ್ಯಾರೇಜ್ ಇಟ್ಟಿದ್ದ ಬಾಲಾಜಿ ಕಾರಿನ ಸುತ್ತ ನಾಲ್ಕು ಸುತ್ತು ಹಾಕಿ ತಲೆ ಕೆರೆದುಕೊಂಡ. "ನನ್ ಕೈಲಿ ಆಗೋ ಕೆಲ್ಸ ಅಲ್ಲ ಮೇಡಂ. ಕೆ.ಜಿ.ಎಫ್‌ನಾಗೆ ಇಂದ್ರಾಣಕ್ಕ ಅಂತ ಅವ್ರೆ. ಜೀಪು, ಆಟೋ ಟಾಪೆಲ್ಲ ಅವ್ರೇ ಒಲಿಯೋದು. ಒಂದು ಪ್ಯಾಚ್ ಆದ್ರೂ ಆಕಿಸ್ಕೊಂಡು ಓಗಿ" ಎಂದ.

ಹೀಗೆ ಆ ಕಾರು ಆಂಡರ್ಸನ್‌ಪೇಟೆಯ 'ಕೋದಂಡಪ್ಪ ಕುಶನ್ ವರ್ಕ್ಸ್' ಎಂಬ ತಗಡಿನ ಶೆಡ್ಡಿನ ಮುಂದೆ ಬಂದು ನಿಂತಿತು.

ಕೋದಂಡಪ್ಪ ಇಂದ್ರಾಣಿಯ ಅಪ್ಪ. ಗಣಿ ನಡೆಯುತ್ತಿದ್ದ ಕಾಲದಲ್ಲಿ ಸುರಂಗದೊಳಕ್ಕೆ ಗಾಳಿ ಹಾಯಿಸುವ ಕ್ಯಾನ್ವಾಸ್ ಕೊಳವೆ ಹೊಲಿಯುತ್ತಿದ್ದವನು. ಗಣಿ ಮುಚ್ಚಿದ ಮೇಲೆ ಹರಾಜಿನಲ್ಲಿ ಒಂದು ಭಾರಿ ಹೊಲಿಗೆ ಯಂತ್ರ ಹಿಡಿದು ಜೀಪಿನ ಟಾಪು ಹೊಲಿಯಲು ಕೂತ. ಕೈ ನಡುಗಲು ಶುರುವಾದಾಗ ಯಂತ್ರದ ಮುಂದಿನ ಸ್ಟೂಲು ಮಗಳಿಗೆ ಬಿಟ್ಟುಕೊಟ್ಟು, ತಾನು ಬಾಗಿಲ ಬಳಿಯ ಕುರ್ಚಿಗೆ ಸರಿದಿದ್ದ. ಅದಾಗಿ ಹದಿನಾಲ್ಕು ವರ್ಷ. ಇಂದ್ರಾಣಿಗೆ ಈಗ ಮೂವತ್ತೆಂಟು.

ಅವಳು ಮೊದಲು ಹರಿದ ಜಾಗ ನೋಡಲಿಲ್ಲ, ಕಾರು ನೋಡಿದಳು. ಹಣ್ಣಾದ ನೇರಳೆಯ ಬಣ್ಣ. ಅರ್ಧ ಕಾರೆಲ್ಲ ಮೂಗೇ ಅನ್ನುವಷ್ಟು ಉದ್ದದ ಬಾನೆಟ್. ಕೂರುವ ಜಾಗ ಹಿಂದಿನ ಚಕ್ರಗಳಿಗೆ ಅಂಟಿಕೊಂಡ ಹಾಗಿತ್ತು, ಎರಡೇ ಸೀಟು. ದೀಪದಿಂದ ಹೊರಟ ಒಂದು ಗೆರೆ ಬಾಗಿಲ ಮೇಲೆ ಹಾದು, ಹಿಂದಿನ ಚಕ್ರದ ಬಳಿ ಏರಿ, ಬಾಲದಲ್ಲಿ ಇಳಿದಿತ್ತು; ಎಲ್ಲೂ ಕಡಿದಿರಲಿಲ್ಲ. ಟಾಪಿನ ಬಟ್ಟೆಯೂ ಅದೇ ಗೆರೆಯ ಮಾತು ಕೇಳುತ್ತಿತ್ತು. ಯಾರೋ ತಿಂಗಳುಗಟ್ಟಲೆ ಕೂತು ಬರೆದ ಗೆರೆ ಅದು ಎಂದು ಅವಳಿಗೆ ತಿಳಿಯಿತು.

"ಮೇಡಂ, ಟಾಪು ಒಂದ್ಸಲ ತೆಗ್ದು ಮುಚ್ಚಿ."

ಡಾಕ್ಟರು ಗುಂಡಿ ಒತ್ತಿದರು. ಹಿಂದಿನ ಮುಚ್ಚಳ ಎದ್ದಿತು, ಟಾಪು ಮುಂದಿನ ಗಾಜನ್ನು ಬಿಟ್ಟು ಮೂರು ಮಡಿಕೆಯಾಗಿ ಮುಚ್ಚಳದೊಳಗೆ ಮಲಗಿತು. ಹನ್ನೆರಡು ಸೆಕೆಂಡು.

"ಇನ್ನೊಂದ್ಸಲ."

ಹತ್ತು ಸಲ ಮಾಡಿಸಿದಳು. ಪ್ರತಿ ಸಲವೂ ಬೇರೆ ಬೇರೆ ಕಡೆ ಬಗ್ಗಿ ನೋಡಿದಳು. ಬಟ್ಟೆ ಎಲ್ಲಿ ಮಡಚುತ್ತದೆ, ಎಲ್ಲಿ ಎಳೆದುಕೊಳ್ಳುತ್ತದೆ, ಬಟ್ಟೆ ಹೊತ್ತ ಕಬ್ಬಿಣದ ಬಿಲ್ಲುಗಳು ಎಲ್ಲಿ ಉಜ್ಜುತ್ತವೆ. ಬಾಗಿಲ ಗಾಜಿನ ಮೇಲಿನ ಅಂಚಿನೊಳಗೆ, ಲಂಗದೊಳಗೆ ಲಾಡಿ ಓಡುವ ಹಾಗೆ, ಸಣ್ಣ ಉಕ್ಕಿನ ತಂತಿ ಓಡಿತ್ತು. ಅದನ್ನು ಬೆರಳಲ್ಲಿ ಒತ್ತಿ ನೋಡಿದಳು.

ಬಾಲಾಜಿ ಗಡಿಯಾರ ನೋಡಿಕೊಂಡ. "ಅಕ್ಕಾ, ಪ್ಯಾಚ್ ಆಕಿ ಗಮ್ ಒಡೆದ್ಬಿಡು, ಸಾಕು."

"ಮಡಚೋ ಜಾಗದಾಗೆ ಪ್ಯಾಚ್ ನಿಲ್ಲಲ್ಲ ಕಣೋ. ಮೂರನೇ ಸಲಕ್ಕೇ ಕಿತ್ಕೊಂಡ್ ಬತ್ತದೆ" ಎಂದು ಇಂದ್ರಾಣಿ ಡಾಕ್ಟರ ಕಡೆ ತಿರುಗಿದಳು. "ಮೇಡಂ, ಮೇಲಿನ ಬಟ್ಟೆ ಪೂರ್ತಿ ಒಸದಾಗಿ ಒಲೀತೀನಿ. ಇಂಥ ಕಾರಿಗೆ ನಾನು ಇದುವರ್ಗೂ ಒಲಿದಿಲ್ಲ, ಅದನ್ನ ಮೊದ್ಲೇ ಏಳ್ತೀನಿ. ಒಪ್ಪಿದ್ರೆ ಕಾರು ಬಿಟ್ಟೋಗಿ."

ಡಾಕ್ಟರು ಅವಳ ಕೈಗಳನ್ನು ನೋಡಿದರು. ಹೆಬ್ಬೆರಳು ತೋರುಬೆರಳುಗಳ ತುದಿ ಸೂಜಿಯ ಕೆಲಸದಿಂದ ಕಲ್ಲಾಗಿದ್ದವು. "ಹತ್ತೊಂಬತ್ತಕ್ಕೆ ಬೇಕು" ಎಂದು ಕೀ ಕೊಟ್ಟರು.

ಮರುದಿನ ಮೊದಲ ರೈಲಿಗೇ ಇಂದ್ರಾಣಿ ಬೆಂಗಳೂರಿಗೆ ಹೋಗಿ ಜೆ.ಸಿ. ರಸ್ತೆಯ ಅಂಗಡಿಗಳನ್ನೆಲ್ಲ ಅಲೆದಳು. ಬೇಕಾಗಿದ್ದದ್ದು ಎರಡು ಪದರದ ನಡುವೆ ರಬ್ಬರಿರುವ ಬಟ್ಟೆ. ಆರನೇ ಅಂಗಡಿಯಲ್ಲಿ, ಯಾರೋ ತರಿಸಿ ಒಯ್ಯದೆ ಬಿಟ್ಟ ಕಪ್ಪು ಥಾನಿನ ಕೊನೆಯ ತುಂಡು ಸಿಕ್ಕಿತು. ಅಳೆದರೆ ಒಂದು ಟಾಪಿಗೆ ಸಾಕಾಗಿ ಒಂದು ಮೊಳ ಮಿಕ್ಕುತ್ತಿತ್ತು, ಅಷ್ಟೆ.

ಆಮೇಲಿನ ಆರು ದಿನ ಶೆಡ್ಡಿನಲ್ಲಿ ಬೇರೆ ಕೆಲಸ ನಡೆಯಲಿಲ್ಲ. ಹಳೆಯ ಟಾಪಿನ ಒಂದೊಂದು ಹೊಲಿಗೆಯನ್ನೂ ಬ್ಲೇಡಿನಲ್ಲಿ ಬಿಚ್ಚಿ, ತುಂಡುಗಳನ್ನು ಇಸ್ತ್ರಿ ಮಾಡಿ, ಹೊಸ ಬಟ್ಟೆಯ ಮೇಲೆ ಹಾಸಿ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಕತ್ತರಿ ಇಡುವ ಮುಂಚೆ ಪ್ರತಿ ಗೆರೆಯನ್ನೂ ಮೂರು ಸಲ ಅಳೆದಳು. ನೀರು ಬಿದ್ದರೆ ಉಬ್ಬಿ ಸೂಜಿಯ ತೂತು ತಾನೇ ಮುಚ್ಚುವಂಥ ದಾರ ಹಾಕಿದಳು. ಅದು ಅಪ್ಪ ಕಲಿಸಿದ್ದು. ಮೊದಲು ಬಲಗಡೆಯ ಅಂಚು ಹೊಲಿದಳು, ಆಮೇಲೆ ಎಡಗಡೆಯದು. ಎಡಕ್ಕೆ ಬರುವಷ್ಟರಲ್ಲಿ ಕೈಗೆ ಆ ಬಟ್ಟೆ ಪಳಗಿತ್ತು.

ಹದಿನಾರನೇ ತಾರೀಖು ಟಾಪು ಕೂರಿಸಿ ಗುಂಡಿ ಒತ್ತಿದರು. ಮುಚ್ಚಿಕೊಂಡಿತು. ಒಂದು ಸುಕ್ಕಿಲ್ಲ. ಆ ಉದ್ದದ ಗೆರೆ ಮತ್ತೆ ಕೂಡಿಕೊಂಡಿತು. ಬಾಲಾಜಿ ಅಂಗೈಯಲ್ಲಿ ಸವರಿ, "ಕಂಪ್ನಿದೇ ಅನ್ಬೇಕು ಅಕ್ಕಾ!" ಎಂದ. ಕೋದಂಡಪ್ಪ ಕುರ್ಚಿಯಿಂದ ಎದ್ದು ಬಂದು, ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಿ, ಹೋಗಿ ಕೂತ. ಚೆನ್ನಾಗಿಲ್ಲದಿದ್ದರೆ ಅವನು ಹಾಗೆ ಕೂರುವವನಲ್ಲ.

ಮರುದಿನ ಬೆಳಿಗ್ಗೆ ಡಾಕ್ಟರು ಕಾರನ್ನು ಬೇತಮಂಗಲದ ಕಡೆಯ ಎಕ್ಸ್‌ಪ್ರೆಸ್ ರಸ್ತೆಯಲ್ಲಿ ಓಡಿಸಿಕೊಂಡು ಬಂದರು. ಇಳಿಯುವಾಗ ಮುಖ ನಗುತ್ತಿತ್ತು, ಆದರೆ ಏನೋ ಮುಚ್ಚಿಡುತ್ತಿತ್ತು.

"ಏನಾಯ್ತು ಮೇಡಂ?"

"ಏನಿಲ್ಲ ಇಂದ್ರಾಣಿ. ಎಂಬತ್ತು ದಾಟಿದರೆ ಸಣ್ಣಗೆ ಒಂದು ಸಿಳ್ಳೆ ಬರುತ್ತೆ. ಅಭ್ಯಾಸ ಆಗಿಬಿಡುತ್ತೆ."

"ಮುಂಚೆ ಬತ್ತಿತ್ತಾ?"

"ಇಲ್ಲ."

ಬಾಲಾಜಿ ಸಮಾಧಾನಕ್ಕೆ ಬಂದ. "ಅಕ್ಕಾ, ನೀರು ಸೋರಲ್ಲ ತಾನೇ? ಮೇಡಮ್ಮೋರೇ ಪರ್ವಾಗಿಲ್ಲ ಅಂತಾವ್ರೆ. ಬಿಟ್ಬಿಡು."

"ಮೇಡಮ್ಮೋರ್ಗೆ ಪರ್ವಾಗಿಲ್ಲ. ನಂಗೈತೆ" ಎಂದಳು ಇಂದ್ರಾಣಿ. ಅವಳ ಕಿವಿ ಕೆಂಪಾಗಿತ್ತು. "ಕನ್ಯಾಕುಮಾರಿ ತನ್ಕ ಆ ಸಿಳ್ಳೆ ಕೇಳ್ಕೊಂಡು ಓಗೋದಾ? ನನ್ನ ಕೂರಿಸ್ಕೊಂಡು ಓಗಿ ಮೇಡಂ. ಎಲ್ಲಿಂದ ಬತ್ತದೆ ನೋಡ್ಬೇಕು."

ಇಬ್ಬರೂ ಹೊರಟರು. ಪಕ್ಕದ ಸೀಟಿನಲ್ಲಿ ಕೂತ ಇಂದ್ರಾಣಿಗೆ ನೆಲದ ಮೇಲೆ ಚಾಪೆ ಹಾಕಿ ಕಾಲು ಚಾಚಿ ಕೂತ ಹಾಗನ್ನಿಸಿತು. ಎಕ್ಸ್‌ಪ್ರೆಸ್ ರಸ್ತೆ ಹತ್ತಿ ಮುಳ್ಳು ಎಂಬತ್ತು ದಾಟಿದ ಕೂಡಲೇ ಸಿಳ್ಳೆ ಶುರುವಾಯಿತು, ಹಾಲು ಕಾಯಿಸುವ ಕುಕ್ಕರಿನ ಸಿಳ್ಳೆಯ ಹಾಗೆ ತೆಳ್ಳಗೆ. ಅವಳು ಕೈಯಾಡಿಸಿದಳು, ಕಿವಿ ಇಟ್ಟಳು, ಎಲ್ಲೂ ಸಿಗಲಿಲ್ಲ. ತನ್ನ ಎಡಗಡೆಯ ಅಂಚು ಬಿಗಿಯಾಗಿತ್ತು. ಶಬ್ದ ಒಮ್ಮೆ ಮೇಲಿನಿಂದ ಬಂದಂತೆ, ಒಮ್ಮೆ ಹಿಂದಿನಿಂದ ಬಂದಂತೆ. ಎರಡು ಸಲ ಹೋಗಿ ಬಂದರೂ ಅಷ್ಟೆ. ಡಾಕ್ಟರ ಕಡೆಯ ಅಂಚು ಅವಳಿಗೆ ಕಾಣುತ್ತಲೇ ಇರಲಿಲ್ಲ.

ಎಕ್ಸ್‌ಪ್ರೆಸ್ ರಸ್ತೆ ಇಳಿದ ಮೇಲೆ ಒಂದು ಕಡೆ ನಿಲ್ಲಿಸಿದಾಗ ಇಂದ್ರಾಣಿ ಕೇಳಿದಳು: "ಮೇಡಂ, ನಾನು ಓಡಿಸ್ಲಾ? ಓಡ್ಸೋರ ಕಿವಿಗೆ ಏನ್ ಕೇಳ್ತದೋ ಅದು ನನ್ ಕಿವಿಗೆ ಕೇಳ್ಬೇಕು. ಲೈಸೆನ್ಸ್ ಐತೆ. ಓಮ್ನಿ ಓಡಿಸ್ತೀನಿ."

ಡಾಕ್ಟರು ಬೆಲ್ಟು ಬಿಚ್ಚಿ ಕೆಳಗಿಳಿದರು. "ಬ್ರೇಕು ಮೆತ್ತಗೆ ಒತ್ತಿ. ಕಾಲಿಟ್ಟರೆ ಸಾಕು, ಹಿಡಿಯುತ್ತೆ."

ಮೆತ್ತಗೆ ಒತ್ತಿದರೂ ಮೊದಲ ಸಲ ಇಬ್ಬರ ತಲೆಯೂ ಮುಂದಕ್ಕೆ ಹೋಯಿತು. "ಅಯ್ಯೋ ಸಾರಿ ಮೇಡಂ" ಎಂದು ಇಂದ್ರಾಣಿ ಬೆವರಿದಳು. ಎರಡನೇ ಸಲ ಹದ ಸಿಕ್ಕಿತು. ಮೊದಲ ತಿರುವಿನಲ್ಲಿ ಅವಳಿಗೆ ಆ ಉದ್ದ ಮೂಗಿನ ಅರ್ಥ ತಿಳಿಯಿತು. ಮೂಗು ಮೊದಲು ತಿರುಗಿ, ಹಿಂದೆ ಕೂತ ತನ್ನನ್ನು ಆಮೇಲೆ ಎಳೆದುಕೊಂಡಿತು. ಚಕ್ರದ ಕೆಳಗಿನ ಜಲ್ಲಿಕಲ್ಲು ಸ್ಟಿಯರಿಂಗಿನಲ್ಲಿ ಬೆರಳಿಗೆ ತಿಳಿಯುತ್ತಿತ್ತು, ರಸ್ತೆಯ ಏರಿಳಿತ ಸೊಂಟಕ್ಕೆ ತಿಳಿಯುತ್ತಿತ್ತು. ಓಮ್ನಿಯಲ್ಲಿ ಅವಳು ರಸ್ತೆಯ ಮೇಲೆ ಹೋಗುತ್ತಿದ್ದಳು. ಇಲ್ಲಿ ರಸ್ತೆಯೇ ಮೈಯೊಳಗೆ ಬಂದು ಸೇರುತ್ತಿತ್ತು. ಬಟ್ಟೆಗೂ ಕೈಗೂ ನಡುವೆ ಏನೂ ಇಲ್ಲದೆ ಹೊಲಿಯುವಾಗ ಹೀಗೇ ಆಗುತ್ತಿತ್ತು ಅವಳಿಗೆ.

ಎಕ್ಸ್‌ಪ್ರೆಸ್ ರಸ್ತೆ ಹತ್ತಿದಳು. ಅರವತ್ತು. ಎಪ್ಪತ್ತು. ಎಂಜಿನ್ ಗಂಟಲು ಸರಿಮಾಡಿಕೊಂಡು ದನಿ ತಗ್ಗಿಸಿತು. ಎಂಬತ್ತು. ಬಲಕಿವಿಯ ಮೇಲೆ ಕೂದಲೆಳೆಯಷ್ಟು ತಣ್ಣನೆ ಗಾಳಿ ತಾಕಿತು, ಅದರ ಹಿಂದೆಯೇ ಸಿಳ್ಳೆ. ಅವಳು ಕಣ್ಣಂಚಿನಲ್ಲೇ ಮೇಲೆ ನೋಡಿದಳು. ಗಾಜಿಗೂ ಬಟ್ಟೆಯ ಅಂಚಿಗೂ ನಡುವೆ ಒಂದು ಎಳೆ ಬೆಳಕು.

"ಮೇಡಂ, ನನ್ ತಲೆ ಮೇಲೆ ನೋಡಿ! ಟಾಪು ಉಬ್ಬೈತಾ?"

ಡಾಕ್ಟರು ಬಗ್ಗಿ ನೋಡಿದರು. "ಹೌದು! ಕೆಂಡದ ಮೇಲಿನ ಚಪಾತಿ ಉಬ್ಬಿದ ಹಾಗೆ. ನಿಮ್ಮ ಕಡೆ ಜಾಸ್ತಿ."

ವೇಗ ಇಳಿಸಿದಳು. ಬೆಳಕಿನ ಎಳೆ ಮುಚ್ಚಿಕೊಂಡಿತು. ಏರಿಸಿದಳು, ತೆರೆಯಿತು. ಗಾಳಿ ಟಾಪನ್ನು ಮೇಲಕ್ಕೆ ಹೀರುತ್ತಿತ್ತು. ಬಲಗಡೆ ತಂತಿ ಓಡುವ ಅಂಚಿನ ಮಡಿಕೆಯನ್ನು ಅವಳು ಅರ್ಧ ಬೆರಳಿನಷ್ಟು ಸಡಿಲ ಹೊಲಿದಿದ್ದಳು. ನಿಂತ ಕಾರಿನಲ್ಲಿ ಅದು ಕಾಣುವಂಥದ್ದಲ್ಲ.

"ಗೊತ್ತಾಯ್ತು ಮೇಡಂ" ಎಂದಳು ಇಂದ್ರಾಣಿ. "ನಾನು ನಿಂತಿರೋ ಕಾರಿಗೆ ಒಲಿದ್ಬಿಟ್ಟೆ. ಇದು ಓಡೋ ಕಾರು."

ವಾಪಸು ಬರುವಾಗ ಡಾಕ್ಟರೇ ಗುಂಡಿ ಒತ್ತಿ ಟಾಪು ತೆಗೆಸಿದರು. "ಇದನ್ನ ಓಡಿಸಿ, ಟಾಪು ತೆಗೀದೆ ಇಳಿದರೆ ಓಡಿಸಿದ ಹಾಗೇ ಅಲ್ಲ." ತಲೆಯ ಮೇಲಿನ ಕಪ್ಪು ಸರಿದು ಇಡೀ ಆಕಾಶ ಬಂದು ಕೂತಿತು. ಟೊಮೆಟೊ ತೋಟದ ವಾಸನೆ, ಸೀಮೆಹಸುಗಳ ಕೊಟ್ಟಿಗೆಯ ವಾಸನೆ, ಕೆರೆಯ ತಂಪು ಒಂದಾದ ಮೇಲೊಂದು ಮುಖಕ್ಕೆ ಬಂದು ಹೋದವು. ದೂರದಲ್ಲಿ ಗಣಿಯ ಮಣ್ಣಿನ ಬಿಳಿ ದಿಬ್ಬಗಳು ಕಂಡವು. ಹಾಲಿನ ಕ್ಯಾನು ಕಟ್ಟಿಕೊಂಡು ಬೈಕಿನಲ್ಲಿ ಬರುತ್ತಿದ್ದವನೊಬ್ಬ ಬಾಯಿ ಬಿಟ್ಟು ನೋಡಿದ. ಇಂದ್ರಾಣಿ ನಗಲಿಲ್ಲ, ಆದರೆ ಬೆನ್ನು ನೆಟ್ಟಗಾಯಿತು.

ಶೆಡ್ಡಿಗೆ ಬಂದು ವಿಷಯ ಹೇಳಿದಾಗ ಕೋದಂಡಪ್ಪನ ಮುಖ ಗಂಭೀರವಾಯಿತು.

"ಬಿಚ್ಚಿ ಅದ್ನೇ ಮತ್ತೆ ಒಲಿಯಂಗಿಲ್ಲ ಕಣಮ್ಮ. ಅಳೇ ತೂತು ಅಂಗೇ ಉಳ್ಕಂತದೆ, ಮಳೆ ಬಂದ್ರೆ ಅಲ್ಲೇ ಸೋರ್ತದೆ. ಒಸ ಪಟ್ಟಿನೇ ಕತ್ತರಿಸ್ಬೇಕು."

"ಒಂದೇ ಮೊಳ ಬಟ್ಟೆ ಉಳ್ದಿರೋದು ಅಪ್ಪ."

"ಥಾನಿನ ಅಗಲಕ್ಕಿಟ್ರೆ ಒಂದೇ ಪಟ್ಟಿ ಆಯ್ತದೆ. ತಪ್ಪಿದ್ರೆ ಆಯ್ತು."

"ತಪ್ಪಲ್ಲ ಬಿಡು."

ಬಾಲಾಜಿ ಮತ್ತೆ ಬಾಯಿ ಹಾಕಿದ. "ಅಕ್ಕಾ, ಒಳಗಡೆಯಿಂದ ಸಿಲಿಕಾನ್ ತುಂಬ್ಬಿಟ್ರೆ..."

"ಬಾಲಾಜಿ, ನಿನ್ ಗ್ಯಾರೇಜ್ ಬಾಗ್ಲು ತೆಗ್ದು ಬಂದಿದೀಯ. ಓಗು."

ಅವನು ಹೋಗಲಿಲ್ಲ. ಕೈ ಒರೆಸಿಕೊಂಡು ತಂತಿ ಬಿಚ್ಚಲು ಕೂತ.

ಪಟ್ಟಿಯ ಅಳತೆ ಹೇಗೆ ತೆಗೆಯುವುದು ಎಂಬುದೇ ಕಷ್ಟವಾಗಿತ್ತು. ಕಾರು ಓಡುವಾಗ ಅಳೆಯಲಾಗದು. ಇಂದ್ರಾಣಿ ಯೋಚಿಸಿ, ಟಾಪಿನ ಕೆಳಗೆ ಒಳಗಡೆಯಿಂದ ಎರಡು ಲಾರಿ ಟ್ಯೂಬು ಇರಿಸಿ ಬಾಲಾಜಿಯಿಂದ ಗಾಳಿ ತುಂಬಿಸಿದಳು. ಬಟ್ಟೆ ರಸ್ತೆಯಲ್ಲಿ ಉಬ್ಬಿದ್ದಷ್ಟೇ ಉಬ್ಬಿದಾಗ, "ಸಾಕು, ನಿಲ್ಸು" ಎಂದು ಡಾಕ್ಟರು ಕೂಗಿದರು. ನೋಡಿದ್ದವರು ಅವರೇ. ಅಂಚು ಗಾಜನ್ನು ಬಿಟ್ಟು ಎದ್ದ ಜಾಗದಲ್ಲೆಲ್ಲ ಇಂದ್ರಾಣಿ ಸೀಮೆಸುಣ್ಣದ ಗುರುತು ಹಾಕಿದಳು.

ಆ ಗುರುತಿಗೆ ಸರಿಯಾಗಿ ಪಟ್ಟಿ ಕತ್ತರಿಸಿಕೊಂಡು ಯಂತ್ರದ ಮುಂದೆ ಕೂತಳು. ಕೋದಂಡಪ್ಪ ಸ್ಟೂಲಿನ ಪಕ್ಕಕ್ಕೆ ಬಂದು ನಿಂತು, ಬಟ್ಟೆಯ ಬಾಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹಿಡಿದಿದ್ದಾಗ ಕೈ ನಡುಗಲಿಲ್ಲ. ಇಂದ್ರಾಣಿ ಯಂತ್ರದ ಮೋಟಾರು ಆರಿಸಿ, ಚಕ್ರವನ್ನು ಕೈಯಲ್ಲೇ ತಿರುಗಿಸುತ್ತ ಒಂದೊಂದೇ ಹೊಲಿಗೆ ಹಾಕಿದಳು. ನಾಲ್ಕು ಅಡಿಯ ಅಂಚಿಗೆ ಒಂದು ಮಧ್ಯಾಹ್ನವೆಲ್ಲ ಹಿಡಿಯಿತು. ನಡುವೆ ಒಮ್ಮೆ ದಾರ ತುಂಡಾದಾಗ ಅವಳು ಎದ್ದು, ಹೊರಗೆ ಹೋಗಿ, ಮುಖ ತೊಳೆದುಕೊಂಡು ಬಂದು ಮತ್ತೆ ಕೂತಳು.

ಹತ್ತೊಂಬತ್ತರ ಬೆಳಿಗ್ಗೆ ಟಾಪು ಮುಚ್ಚಿ, ಟ್ಯಾಂಕರಿನವನಿಂದ ಅರ್ಧ ಗಂಟೆ ಪೈಪಿನಲ್ಲಿ ನೀರು ಬಿಡಿಸಿದರು. ನಲ್ಲಿಯಲ್ಲಿ ನೀರು ಬರುವ ದಿನವಲ್ಲ. ಅಕ್ಕಪಕ್ಕದವರು ಬಿಂದಿಗೆ ಹಿಡಿದು ನಿಂತು, "ಕಾರಿಗೆ ಸ್ನಾನ ಮಾಡಿಸ್ತಾವ್ರೆ ನೋಡು" ಎಂದು ಬೈದರು. ಉಳಿದ ನೀರನ್ನು ಇಂದ್ರಾಣಿ ಅವರ ಬಿಂದಿಗೆಗಳಿಗೆ ಹಾಕಿಸಿದಳು. ಕಾರಿನೊಳಗೆ ಹಾಸಿದ್ದ ಸುದ್ದಿಪತ್ರಿಕೆ ಒಣಗಿಯೇ ಇತ್ತು.

ಆಮೇಲೆ ಅವಳೇ ಸ್ಟಿಯರಿಂಗ್ ಹಿಡಿದಳು. ಈ ಸಲ ಡಾಕ್ಟರನ್ನು ಕೇಳಲಿಲ್ಲ, ಅವರೇ ಎಡಗಡೆಯ ಬಾಗಿಲು ತೆಗೆದು ಕೂತಿದ್ದರು. ಎಂಬತ್ತು. ತೊಂಬತ್ತು. ನೂರು. ಎಂಜಿನ್ನಿನ ತಗ್ಗಿದ ದನಿ, ಟೈರಿನ ಗುಂಯ್‌ಗುಡುವಿಕೆ. ಬಲಕಿವಿಗೆ ಗಾಳಿ ತಾಕಲಿಲ್ಲ. ಇಂದ್ರಾಣಿ ಐದು ಕಿಲೋಮೀಟರು ಕಿವಿಗೊಟ್ಟೇ ಓಡಿಸಿದಳು.

"ಇನ್ನೇನು ಕೇಳ್ತಾ ಇದೀರಿ?" ಎಂದು ಡಾಕ್ಟರು ನಕ್ಕರು.

"ಏನೂ ಕೇಳ್ತಿಲ್ವಲ್ಲ, ಅದ್ನೇ ಕೇಳ್ತಾ ಇದೀನಿ" ಎಂದಳು.

ಇಪ್ಪತ್ತನೇ ತಾರೀಖು ಡಾಕ್ಟರು ಹೊರಟುಹೋದರು. ಎರಡು ದಿನ ಬಿಟ್ಟು ಮಧ್ಯಾಹ್ನ ಇಂದ್ರಾಣಿ ಒಂದು ಆಟೋದ ಟಾಪಿಗೆ ಗುಂಡಿ ಕೂರಿಸುತ್ತಿದ್ದಾಗ ಫೋನು ಬಂತು. ಕಿವಿಗಿಟ್ಟುಕೊಂಡರೆ ಧೋ ಎಂಬ ಸದ್ದು.

"ಇಂದ್ರಾಣಿ, ಮಧುರೈ ದಾಟಿದೆ. ಏನು ಮಳೆ ಅಂತೀರಿ! ರಸ್ತೆ ಪಕ್ಕಕ್ಕೆ ಹಾಕಿ ನಿಲ್ಲಿಸಿದೀನಿ. ಒಳಗೆ ಒಂದು ಹನಿ ಇಲ್ಲ."

"ನಿಂತಾಗ ಇರಲ್ಲ ಮೇಡಂ. ಓಡ್ವಾಗ?"

"ತೊಂಬತ್ತರಲ್ಲಿ ಬಂದೆ ಕಣ್ರೀ. ಓಡುವಾಗಲೂ ಇಲ್ಲ."

"ಸರಿ ಮೇಡಂ. ಮಳೆ ನಿಲ್ಲೋ ತನ್ಕ ಅಲ್ಲೇ ಇರಿ" ಎಂದು ಇಂದ್ರಾಣಿ ಫೋನಿಟ್ಟಳು. ಕುರ್ಚಿಯಲ್ಲಿ ಕೂತಿದ್ದ ಅಪ್ಪ ತಲೆಯೆತ್ತಿ, "ಏನಂತೆ?" ಎಂದು ಕೇಳಿದ.

"ಸೋರ್ತಿಲ್ವಂತೆ" ಎಂದು ಹೇಳಿ ಅವಳು ಆಟೋದ ಇನ್ನೊಂದು ಮಗ್ಗುಲಿಗೆ ಹೋದಳು.