ಗೌಂಡಿ ಜಟ್ಟೆಪ್ಪನ ಸಾಲುಗಳು

ಹೆಣದ ಮುಂದೆ ಬಾರಿಸುವ ಹಲಗೆ ಕಾಯಿಸಲು ಹಚ್ಚಿದ್ದ ಜೋಳದ ಕಣಿಕೆಯ ಬೆಂಕಿಯನ್ನು ಹವಾಲ್ದಾರ ಬೂಟಿನಿಂದ ತುಳಿದು ಆರಿಸಿದ.

"ಬಾರಸೂದಿಲ್ಲ, ಗುಂಪಿಲ್ಲ. ತುರ್ತು ಪರಿಸ್ಥಿತಿ ಐತಿ, ಗೊತ್ತಿಲ್ಲೇನ? ಐದ ಮಂದಿ ಕೂಡಿದ್ರ ಒಳಗ ಹಾಕತೇನಿ. ನಾಲ್ಕ ಮಂದಿ ಹೊತ್ಕೊಂಡ ಹೋಗ್ರಿ."

"ಹೆಣಾ ಹಿಡದೋ ಬಿಟ್ಟೋ, ಸಾಹೇಬ್ರ?" ಎಂದ ಪಕ್ಕದ ಮನೆಯ ಪರಸಪ್ಪ.

ಹವಾಲ್ದಾರ ನಿಜವಾಗಿಯೂ ಯೋಚಿಸಿದ. "ಬಿಟ್ಟು."

ಒಳಗೆ ಗಂಡನ ತಲೆಯ ಬಳಿ ರಾಯವ್ವ ಕುಳಿತಿದ್ದಳು. ಸುರೇಬಾನದ ಈ ಓಣಿಯಲ್ಲಿ ಯಾರು ಸತ್ತರೂ ಹೊರಲು ಜನ ನೂಕಾಡುತ್ತಿದ್ದರು. ಇಂದು ಜಟ್ಟೆಪ್ಪನಿಗೆ ಇದ್ದದ್ದು ಮೂರು ಹೆಗಲು. ಅವಳ ಇಬ್ಬರು ತಮ್ಮಂದಿರು, ಪರಸಪ್ಪ. ಅವಳು ಎದ್ದು, ಗಂಡನ ಹಳೆಯ ಗೆಳೆಯ ಭರಮಪ್ಪನ ಬಾಗಿಲಿಗೆ ಹೋದಳು.

"ಅಣ್ಣಾ, ಒಂದ ಹೆಗಲ ಕಮ್ಮಿ ಬಿದ್ದೈತಿ."

ಭರಮಪ್ಪ ಮುಖ ಎತ್ತಲಿಲ್ಲ. "ನನ್ನ ಮಗಾ ಜೇಲಿಗೆ ಹೋಗಿ ಹತ್ತ ತಿಂಗಳಾತು, ತಂಗಿ. ಯಾರ ಬರದದ್ದಕ್ಕ ಹೋದಾ ಅಂತ ನನ್ನ ಬಾಯಿಲೆ ಹೇಳಸಬ್ಯಾಡ."

*

ಗೌಂಡಿಯಾಗಿದ್ದ ಜಟ್ಟೆಪ್ಪ ಮೋರ್ಚಾವನ್ನೂ ಗೋಡೆಯಂತೆಯೇ ಕಟ್ಟುತ್ತಿದ್ದ. ಸಾಲಿಗೆ ನಾಲ್ವರು. ಸಿಟ್ಟಿನವರು ನಡುವೆ, ಸಮಾಧಾನಿಗಳು ಅಂಚಿಗೆ. ಕುಡಿಯುವ ನೀರಿನ ಬಾವಿ ಕೇಳಲು ರಾಮದುರ್ಗದ ತಾಲೂಕು ಕಚೇರಿಗೆ ಹೊರಡುವ ಮೊದಲು ಸಾಲುಸಾಲಾಗಿ ಎಲ್ಲರ ಹೆಸರು ಬರೆದ. ಅನುಮತಿಯ ಅರ್ಜಿಗೆ ಓಣಿಯ ಹಿರಿಯನ ಹೆಬ್ಬೆಟ್ಟು ಒತ್ತಿಸಿ, ಪಟ್ಟಿಯನ್ನೂ ಲಗತ್ತಿಸಿದ.

"ಪಟ್ಟಿ ಯಾಕ ಕೊಡ್ತೀಯೋ? ಮದವಿ ಊಟೇನ?" ಎಂದು ಭರಮಪ್ಪ ನಕ್ಕಿದ್ದ.

"ನಾವೇನ ಕಳ್ಳರ? ಹಗಲಹೊತ್ತ ನಡ್ಯಾವ್ರು. ಹೆಸರ ಇದ್ರ ಯಾಂವಾನೂ ನಡುವ ಓಡಿ ಹೋಗಂಗಿಲ್ಲ."

ಅನುಮತಿ ಬರಲಿಲ್ಲ. ಕೆಲವೇ ದಿನಗಳಲ್ಲಿ ಪೊಲೀಸರು ಅದೇ ಹಾಳೆ ಹಿಡಿದು ಬಂದರು, ಸಾಲಿನ ಪ್ರಕಾರವೇ ಕರೆದರು. ಮೊದಲ ಸಾಲಿನಲ್ಲಿ ಭರಮಪ್ಪನ ಮಗ ಉಳವಪ್ಪ.

ನಡಿಗೆಯಲ್ಲಿ ಹಿಂದೆ ಬಿದ್ದವರನ್ನು ಕೂಡಿಸಿಕೊಂಡು ಬರಲೆಂದು ಜಟ್ಟೆಪ್ಪ ಯಾವಾಗಲೂ ಕೊನೆಗೆ ನಡೆಯುತ್ತಿದ್ದ. ಹಾಗಾಗಿ ಯಾವ ಸಾಲಿನಲ್ಲೂ ತನ್ನ ಹೆಸರು ಬರೆದುಕೊಂಡಿರಲಿಲ್ಲ. ಮೂರು ಸಲ ಠಾಣೆಗೆ ಹೋಗಿ, "ನನ್ನೂ ಹಿಡೀರಿ" ಎಂದು ಕೈಮುಗಿದ.

"ಪಟ್ಟಿಯೊಳಗ ನೀ ಇಲ್ಲ. ನಡಿ."

ಆಮೇಲೆ ಓಣಿಯಲ್ಲಿ ಯಾರೂ ಅವನನ್ನು ಗೋಡೆ ಕಟ್ಟಲು ಕರೆಯಲಿಲ್ಲ.

*

ರಾಯವ್ವ ಸೆರಗು ಬಿಗಿದು ಚಟ್ಟದ ಹಿಂದಿನ ಮೂಲೆಗೆ ಹೆಗಲು ಕೊಟ್ಟಳು.

"ಹೆಣ್ಮಕ್ಕಳು ಹೊರಬಾರದಕ್ಕ," ಎಂದ ತಮ್ಮ.

"ಗಂಡಸರನ್ನ ತಗೊಂಡ ಬಾ ಹಂಗಾರ."

ಅವಳು ಕುಳ್ಳಿ. ಚಟ್ಟ ಅವಳ ಕಡೆಗೆ ವಾಲಿತು. ಬಾಗಿಲಿಗೊಬ್ಬರಂತೆ ಜನ ನಿಂತು ನೋಡಿದರು. ಓಣಿಯ ಕೊನೆ ಹತ್ತಿರವಾದಾಗ ಭರಮಪ್ಪ ಬರಿಗಾಲಲ್ಲಿ ಓಡಿ ಬಂದ. ಹವಾಲ್ದಾರ ಲಾಠಿ ಅಡ್ಡ ಹಿಡಿದ.

"ನಾಲ್ಕ ತುಂಬ್ಯಾವ."

"ಆಕೀನ್ನ ಬಿಡಸ್ತೇನಿ, ಸಾಹೇಬ್ರ. ಆಕೀ ಸರದ್ರ ಮತ್ತ ನಾಲ್ಕ."

"ನೀ ಹೆಗಲ ಕೊಡೂದು, ಆಕೀ ಬಿಡೂದು. ನಡುವ ಐದ ಆಗತೈತಿ."

"ಒಂದ ಗಳಿಗಿರೀ..."

"ಗಳಿಗಿ ಆದ್ರೂ ಐದ ಐದ."

ಹೊತ್ತವರು ನಿಲ್ಲಲಿಲ್ಲ. ಹೆಗಲ ಭಾರಕ್ಕೆ ರಾಯವ್ವ ಹಿಂದೆ ತಿರುಗುವಂತಿರಲಿಲ್ಲ. ವಾಲಿದ ಚಟ್ಟ ಓಣಿಯ ತಿರುವಿನಲ್ಲಿ ಮರೆಯಾಯಿತು. ಲಾಠಿಯ ಈಚೆ ಭರಮಪ್ಪ ನಿಂತೇ ಇದ್ದ. ರುಮಾಲನ್ನು ಮಡಿಸಿ ಹೆಗಲ ಮೇಲಿಟ್ಟುಕೊಂಡಿದ್ದ. ಬಲಗೈ ಕಿವಿಯ ಪಕ್ಕಕ್ಕೆ ಎತ್ತಿಯೇ ಇತ್ತು, ಅಲ್ಲಿಲ್ಲದ ಬಿದಿರು ಗಳವನ್ನು ಹಿಡಿದು.